ವಾರಾಂತ್ಯದ ಬೆಟ್ಟವೋ, ಬೀದಿ ಕೊನೆಯ ಪಾರ್ಕೋ: ಮನಸ್ಸು ಹಗುರಾಗಲು ಎಷ್ಟು ಹೊತ್ತು, ಹೇಗೆ ಹೊರಗಿರಬೇಕು?

ಹೊಂಗೆಚಿಗುರು:
ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘಕ್ಕೆ ಎರಡು ಪುಟದ ಮಾರ್ಗದರ್ಶಿ ಬರೆದುಕೊಡಬೇಕಿದೆ. ಓದುವವರಲ್ಲಿ ದಿನಕ್ಕೆ ಹತ್ತು ಗಂಟೆ ಪರದೆ ಮುಂದೆ ಕೂರುವವರು, ನಿವೃತ್ತರು, ಶಾಲಾ ಮಕ್ಕಳು ಎಲ್ಲ ಇದ್ದಾರೆ. "ಪ್ರಕೃತಿ ಮನಸ್ಸಿಗೆ ಒಳ್ಳೆಯದು" ಅನ್ನುವ ಸಾಲು ಬೇಡ, ಅದು ಎಲ್ಲರಿಗೂ ಗೊತ್ತು. ಬೇಕಿರುವುದು ಇಷ್ಟು: ವಾರಕ್ಕೆ ಒಟ್ಟು ಎಷ್ಟು ಹೊತ್ತು ಹೊರಗಿರಬೇಕು? ಒಂದೇ ಸಲ ಸಾವನದುರ್ಗ ಹತ್ತಿ ಬಂದರೆ ಸಾಕೋ, ದಿನಾ ಪಾರ್ಕಿಗೆ ಹೋಗಬೇಕೋ? ಬೆಳಿಗ್ಗೆಯೇ ಯಾಕೆ? ಅಲ್ಲಿ ಹೋಗಿ ಏನು ಮಾಡಬೇಕು? ತಿಂಗಳುಗಟ್ಟಲೆ ವಾಕಿಂಗ್ ಮಾಡಿಯೂ ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಅದಕ್ಕೆ ಕಾರಣವೇನು? ತಿಳಿದವರು ಬಿಡಿಸಿ ಬರೆಯಿರಿ.

ಅಂಕಿಅಂಶ:
ಮೊದಲು ಹೊತ್ತಿನ ಲೆಕ್ಕ. ಎಲ್ಲೆಡೆ ಓಡಾಡುವ "ವಾರಕ್ಕೆ 120 ನಿಮಿಷ" ಬಂದದ್ದು 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಿಂದ. ಅದು ಸುಮಾರು 20 ಸಾವಿರ ಜನರ ಸಮೀಕ್ಷೆ. ವಾರಕ್ಕೆ 120 ನಿಮಿಷ ಅಥವಾ ಹೆಚ್ಚು ಹೊತ್ತು ಹಸಿರಿನ ನಡುವೆ ಕಳೆದವರಲ್ಲಿ "ಆರೋಗ್ಯ ಚೆನ್ನಾಗಿದೆ, ಬದುಕು ನೆಮ್ಮದಿಯಾಗಿದೆ" ಎಂದವರು ಹೆಚ್ಚಿದ್ದರು. ಅದಕ್ಕಿಂತ ಕಡಿಮೆ ಹೋದವರಿಗೂ, ಹೋಗದೇ ಇದ್ದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. 200ರಿಂದ 300 ನಿಮಿಷದ ನಂತರ ಲಾಭದ ಗೆರೆ ಮೇಲೇರಲಿಲ್ಲ. ಒಂದೇ ಸಲ ಎರಡು ಗಂಟೆ ಹೋದರೂ, ತುಂಡು ತುಂಡಾಗಿ ಹೋದರೂ ಫಲ ಒಂದೇ. ಸ್ವಂತ ಮನೆಯ ತೋಟದಲ್ಲಿ ಕಳೆದ ಹೊತ್ತನ್ನು ಅವರು ಎಣಿಸಿರಲಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಮಾರ್ಗದರ್ಶಿಯಲ್ಲಿ ಒಂದು ಎಚ್ಚರಿಕೆ ಹಾಕಿ. ಇದು ನಂಟು ತೋರಿಸುವ ಅಧ್ಯಯನ, ಕಾರಣ ಸಾಧಿಸುವುದಲ್ಲ. ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಿರಬಹುದು. 120 ಅನ್ನುವುದನ್ನು ಔಷಧಿ ಚೀಟಿಯ ಹಾಗೆ ಓದಬಾರದು.

ಕಾರಣದ ಕಡೆಗೆ ಇನ್ನೊಂದು ಹೆಜ್ಜೆ ಹತ್ತಿರ ಹೋಗುವ ಸಣ್ಣ ಪ್ರಯೋಗಗಳಿವೆ. ಅದೇ 2019ರಲ್ಲಿ ಮಿಶಿಗನ್‌ನ ಸಂಶೋಧಕರು 36 ನಗರವಾಸಿಗಳನ್ನು ಎಂಟು ವಾರ, ವಾರಕ್ಕೆ ಮೂರು ಸಲ, ಕನಿಷ್ಠ 10 ನಿಮಿಷ ಹಸಿರಿರುವ ಜಾಗಕ್ಕೆ ಕಳಿಸಿ, ಮೊದಲೂ ಆಮೇಲೂ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅಳೆದರು. ನಿಮಿಷಕ್ಕೆ ಲೆಕ್ಕ ಹಾಕಿದರೆ ಅತಿ ಹೆಚ್ಚು ಇಳಿಕೆ ಸಿಕ್ಕಿದ್ದು 20ರಿಂದ 30 ನಿಮಿಷದ ಭೇಟಿಗಳಲ್ಲಿ. ಆಮೇಲೂ ಇಳಿಯುತ್ತದೆ, ಆದರೆ ನಿಧಾನಕ್ಕೆ. ನನ್ನ ಮಟ್ಟಿಗೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ವಾರದಲ್ಲಿ ಐದು ದಿನ 25-30 ನಿಮಿಷ. ಮಂಗಳವಾರದ ಒತ್ತಡ ಭಾನುವಾರದ ಬೆಟ್ಟದವರೆಗೆ ಕಾಯುವುದಿಲ್ಲ.

ಬೆಳಕಿನಲೆಕ್ಕ:
ಬೆಳಿಗ್ಗೆಯೇ ಯಾಕೆ ಅನ್ನುವುದಕ್ಕೆ ನಾನು ಬರೆಯುತ್ತೇನೆ. ಹೊರಗೆ ಹೋಗುವುದರ ಅರ್ಧ ಗುಣ ಮರದ್ದಲ್ಲ, ಬೆಳಕಿನದ್ದು.

ಮನೆಯ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ 100ರಿಂದ 200 ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಕಚೇರಿ ಮೇಜಿನ ಮೇಲೆ 300ರಿಂದ 500. ಹೊರಗೆ ಮೋಡ ಕವಿದ ದಿನವೂ ಸಾವಿರದಿಂದ ಹತ್ತು ಸಾವಿರದವರೆಗೆ, ನಡುಹಗಲಿನ ನೇರ ಬಿಸಿಲಿನಲ್ಲಿ ಲಕ್ಷದ ಆಸುಪಾಸು. ಪಾಪೆ ಹಿಗ್ಗಿ ಕುಗ್ಗಿ ಹೊಂದಿಸಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ. ಆದರೆ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಇರುವ ವಿಶೇಷ ಕೋಶಗಳಿವೆ. ಅವು ಬಂದ ಬೆಳಕನ್ನು ಎಣಿಸಿ ಮಿದುಳಿನ ಗಡಿಯಾರಕ್ಕೆ ವರದಿ ಕೊಡುತ್ತವೆ. ಬೆಳಿಗ್ಗೆ ಜೋರು ಬೆಳಕು ಬಿದ್ದರೆ ನಿದ್ದೆಯ ಹಾರ್ಮೋನು ಮೆಲಟೋನಿನ್ ಇಳಿದು, ಆ ರಾತ್ರಿ ನಿದ್ದೆ ಬೇಗ ಬರುತ್ತದೆ. ನಿದ್ದೆ ಸರಿಹೋದ ಮೇಲೆ ಮನಸ್ಸು ಸರಿಹೋಗುತ್ತದೆ. ಹಾಗಾಗಿ ಈ ಫಲ ಎರಡನೇ ದಿನಕ್ಕಲ್ಲ, ಎರಡನೇ ವಾರಕ್ಕೆ ಕಾಣುತ್ತದೆ. ನಾಲ್ಕು ದಿನ ನೋಡಿ ಬಿಟ್ಟವರಿಗೆ ಏನೂ ಸಿಗದಿರುವುದಕ್ಕೆ ಇದೊಂದು ಕಾರಣ.

ಎಲ್ಲಿ ಎಡವುತ್ತಾರೆ ಅಂದರೆ, ಬೆಂಗಳೂರಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ, ಜೂನ್ ಮೊದಲಿಗೆ 5:53ರ ಸುಮಾರಿಗೆ. ಜನವರಿಯಲ್ಲಿ 5:30ಕ್ಕೆ ಹೊರಟು 6:15ಕ್ಕೆ ಮನೆ ಸೇರುವವರು ಬೀದಿದೀಪದಲ್ಲಿ ನಡೆದಿರುತ್ತಾರೆ. ವ್ಯಾಯಾಮ ಆಯಿತು, ಬೆಳಕು ಆಗಲಿಲ್ಲ. ಸೂರ್ಯೋದಯದ ನಂತರದ ಮೊದಲ ಒಂದೂವರೆ ಗಂಟೆಯೊಳಗೆ ಅರ್ಧ ಗಂಟೆ ಹೊಂದಿಸಿಕೊಳ್ಳಿ. ದಟ್ಟ ಮರದಡಿ ಬೆಳಕು ಬಯಲಿನ ಹತ್ತನೇ ಒಂದು ಭಾಗಕ್ಕೂ ಇಳಿಯಬಹುದು. ಆದ್ದರಿಂದ ಲಾಲ್‌ಬಾಗ್‌ಗೆ ಹೋಗುವವರು ಮರಗಳ ಸಾಲಿನ ಜೊತೆಗೆ ಬಂಡೆಯ ಮೇಲೂ ಹತ್ತು ನಿಮಿಷ ನಿಲ್ಲಲಿ. ತಂಪು ಕನ್ನಡಕ ಆ ಹೊತ್ತಿಗೆ ಬೇಡ. ಹಾಗೆಂದು ಸೂರ್ಯನನ್ನೇ ದಿಟ್ಟಿಸಬಾರದು, ಬಯಲಿನಲ್ಲಿ ಇದ್ದರೆ ಸಾಕು.

ಇನ್ನೊಂದು ಸಂಗತಿ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದರಿಂದ ಜನ ಮೋಸ ಹೋಗುತ್ತಿದ್ದಾರೆ. ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಹೆಚ್ಚೂಕಡಿಮೆ ಸಿಗುವುದೇ ಇಲ್ಲ. ಅದಕ್ಕೆ ಬೇಕಾದ ಯುವಿಬಿ ಕಿರಣಗಳು ಓರೆಬಿಸಿಲಿನಲ್ಲಿ ವಾತಾವರಣದಲ್ಲೇ ಸೋಸಿಹೋಗುತ್ತವೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇರುವಾಗ, ನಮ್ಮ ಕಡೆ ಸುಮಾರು 10ರಿಂದ 3ರ ನಡುವೆ, ಚರ್ಮ ಅದನ್ನು ತಯಾರಿಸುತ್ತದೆ. ಗಾಜಿನ ಕಿಟಕಿಯ ಹಿಂದೆ ಆಗುವುದಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಬೆಳಗಿನ ವಾಕ್ ನಿದ್ದೆಗೆ ಮತ್ತು ಮನಸ್ಸಿಗೆ, ಡಿ ಲೆಕ್ಕ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಕುಟ್ರುಹಕ್ಕಿ:
ವಾಕಿಂಗ್ ಮಾಡಿಯೂ ಏನೂ ಅನ್ನಿಸದವರ ವಿಷಯಕ್ಕೆ ಬರುತ್ತೇನೆ. ಅವರಲ್ಲಿ ಹೆಚ್ಚಿನವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಫೀಸ್ ಕರೆಯಲ್ಲಿ ಇರುತ್ತಾರೆ. ದೇಹ ಪಾರ್ಕಿನಲ್ಲಿ, ಗಮನ ಮೀಟಿಂಗಿನಲ್ಲಿ. ಅಂಕಿಅಂಶ ಹೇಳಿದ ಮಿಶಿಗನ್ ಪ್ರಯೋಗದಲ್ಲಿ ಫೋನ್, ಓದು, ಹರಟೆ, ಜೋರು ವ್ಯಾಯಾಮ ನಾಲ್ಕಕ್ಕೂ ಅವಕಾಶ ಇರಲಿಲ್ಲ. ಅದನ್ನು ಬಿಟ್ಟು ಬರೀ ನಿಮಿಷ ಎಣಿಸಿದರೆ ಅದೇ ಫಲ ನಿರೀಕ್ಷಿಸುವ ಹಾಗಿಲ್ಲ.

ಗಮನದಲ್ಲಿ ಎರಡು ಬಗೆ. ಕೋಡ್ ಬರೆಯುವಾಗ, ಟ್ರಾಫಿಕ್‌ನಲ್ಲಿ ಗಾಡಿ ಓಡಿಸುವಾಗ ಬಲವಂತದಿಂದ ಹಿಡಿದಿಡುವ ಗಮನ ದಣಿಯುತ್ತದೆ, ದಣಿದಾಗ ಸಿಡುಕು ಬರುತ್ತದೆ. ಎಲೆ ಅಲ್ಲಾಡುವುದು, ನೀರಿನ ಮೇಲಿನ ಬೆಳಕು, ಸೂರಕ್ಕಿ ಹೂವಿನಿಂದ ಹೂವಿಗೆ ಹಾರುವುದು, ಇವು ತಾವಾಗಿ ಮೆಲ್ಲಗೆ ಸೆಳೆಯುತ್ತವೆ. ಆ ಹೊತ್ತಿನಲ್ಲಿ ಮೊದಲನೆಯದಕ್ಕೆ ವಿಶ್ರಾಂತಿ. 2008ರಲ್ಲಿ ಆನ್ ಆರ್ಬರ್ ಊರಿನಲ್ಲಿ ವಿದ್ಯಾರ್ಥಿಗಳನ್ನು ಒಮ್ಮೆ ಸಸ್ಯೋದ್ಯಾನದಲ್ಲಿ, ಒಮ್ಮೆ ಪೇಟೆ ಬೀದಿಯಲ್ಲಿ ಸುಮಾರು 50 ನಿಮಿಷ ನಡೆಸಿ, ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆ ಕೊಟ್ಟರು. ಉದ್ಯಾನದ ನಡಿಗೆಯ ಬಳಿಕ ಅಂಕ ಏರಿತು. ಚಳಿಗಾಲದಲ್ಲಿ, ನಡಿಗೆ ಹಿತವೆನಿಸದವರಲ್ಲೂ ಏರಿತು. ಅಂದರೆ ಖುಷಿ ಆಗಲೇಬೇಕೆಂದಿಲ್ಲ, ನಿಮಗೆ ಗೊತ್ತಿಲ್ಲದ ಹಾಗೆ ಕೆಲಸ ನಡೆಯುತ್ತಿರುತ್ತದೆ.

ಅರ್ಧ ಗಂಟೆಯನ್ನು ಹೀಗೆ ಹಂಚಿ. ಮೊದಲ 12 ನಿಮಿಷ ಬಿರುಸು, ನಿಮಿಷಕ್ಕೆ 100 ಹೆಜ್ಜೆಗೆ ಕಡಿಮೆ ಇಲ್ಲದಂತೆ. ಇದು ಹೃದಯದ ಪಾಲು. ಮುಂದಿನ 12 ನಿಮಿಷ ಅರ್ಧ ವೇಗ. ಆಗ ಬೇರೆ ಬೇರೆ ಸದ್ದುಗಳನ್ನು ಒಂದೊಂದಾಗಿ ಬಿಡಿಸಿ ಕೇಳಿ: ಹತ್ತಿರದ್ದು, ದೂರದ್ದು, ಎಡದ್ದು, ಬಲದ್ದು. ಬೆಂಗಳೂರು, ಮೈಸೂರಿನ ಪಾರ್ಕುಗಳಲ್ಲಿ ಕುಟ್ರು, ಪಿಕಳಾರ, ಗಿಳಿ, ಹದ್ದು ನಾಲ್ಕಂತೂ ಸಿಕ್ಕೇ ಸಿಗುತ್ತವೆ. ಮಾರ್ಚ್‌ನಿಂದ ಮಡಿವಾಳ ಹಕ್ಕಿ ನಸುಕಿನಲ್ಲೇ ರಾಗ ತೆಗೆಯುತ್ತದೆ, ಕೋಗಿಲೆ ಸೇರಿಕೊಳ್ಳುತ್ತದೆ. ಕೊನೆಯ 6 ನಿಮಿಷ ಒಂದೇ ಜಾಗದಲ್ಲಿ ಕೂರಿ, ದಿನಾ ಅದೇ ಕಲ್ಲುಬೆಂಚು. ಎರಡು ನಿಮಿಷ ಅಲ್ಲಾಡದೆ ಕೂತರೆ ಅಳಿಲು, ಹಕ್ಕಿಗಳು ತಮ್ಮ ಕೆಲಸಕ್ಕೆ ಮರಳುತ್ತವೆ. ನಡೆಯುವವರಿಗೆ ಅದು ಎಂದೂ ಕಾಣುವುದಿಲ್ಲ.

ಅದೇ ಪಾರ್ಕು ಬೇಸರ ಬರುವುದು ಮೂರನೇ ವಾರಕ್ಕೆ. ಅದಕ್ಕೆ ಮದ್ದು ಒಂದು ಮರವನ್ನು ಹಿಡಿದುಕೊಳ್ಳುವುದು. ಹೊಂಗೆ ಆದರೆ ಬಹಳ ಒಳ್ಳೆಯದು: ಯುಗಾದಿ ಆಸುಪಾಸಿನಲ್ಲಿ ಎಲೆ ಉದುರಿಸಿ, ಕೆಲವೇ ದಿನಗಳಲ್ಲಿ ಹೊಳೆಯುವ ಎಳೆಹಸಿರಾಗಿ, ಆಮೇಲೆ ನೆಲದ ತುಂಬ ಹೂ ಚೆಲ್ಲುತ್ತದೆ. ವಾರಕ್ಕೊಮ್ಮೆ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ ಇವೆಯೇ, ಎಷ್ಟಿವೆ ಎಂದು ಬರೆದಿಡಿ. ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆ ದೇಶದಾದ್ಯಂತ ಇದೇ ಕ್ರಮದಲ್ಲಿ ಮರಗಳ ದಾಖಲೆ ಸಂಗ್ರಹಿಸುತ್ತದೆ. ನಿಮ್ಮ ಮರವನ್ನೂ ಸೇರಿಸಬಹುದು.

ಹೊಂಗೆಚಿಗುರು:
ತುಂಬ ಉಪಯೋಗವಾಯಿತು. ಎರಡು ಅನುಮಾನ. ನಿವೃತ್ತರು ಗುಂಪಾಗಿ ಮಾತಾಡಿಕೊಂಡೇ ನಡೆಯುತ್ತಾರೆ, ಅವರಿಗೆ "ಮಾತು ಬೇಡ" ಅನ್ನಬೇಕೇ? ಮತ್ತು ಹಕ್ಕಿ ಗುರುತಿಸುವ ಆ್ಯಪ್ ಬಳಸಿದರೆ ಮತ್ತೆ ಫೋನ್ ಕೈಗೆ ಬರುತ್ತದಲ್ಲ?

ಸಮಚಿತ್ತ:
ನಿವೃತ್ತರ ಮಾತನ್ನು ದಯವಿಟ್ಟು ನಿಲ್ಲಿಸಬೇಡಿ. ಒಂಟಿತನ ಅವರಿಗೆ ಗಮನದ ದಣಿವಿಗಿಂತ ದೊಡ್ಡ ಅಪಾಯ. ಮಿಶಿಗನ್ ನಿಯಮ ಪ್ರಯೋಗಕ್ಕಾಗಿ ಮಾಡಿದ್ದು, ಬದುಕಿಗೆ ಹಾಗೇ ತರಬೇಕಿಲ್ಲ. ಮೊದಲ ಸುತ್ತು ಮಾತು, ಎರಡನೇ ಸುತ್ತು ಮೌನ ಎಂದು ಗುಂಪೇ ಒಪ್ಪಿಕೊಂಡರೆ ಚೆನ್ನ. ಆ್ಯಪ್ ಬಗ್ಗೆ: ಕೂಗಿನಿಂದ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಧ್ವನಿಮುದ್ರಣ ಶುರು ಮಾಡಿ ಫೋನನ್ನು ಬೆಂಚಿನ ಮೇಲೆ ಮಗುಚಿಡಿ, ನೋಟಿಫಿಕೇಶನ್ ಬಂದ್ ಮಾಡಿ, ಪಟ್ಟಿಯನ್ನು ಮನೆಗೆ ಬಂದು ನೋಡಿ. ಆದರೆ ಅದು ಹೇಳುವ ಹೆಸರನ್ನು ಕಣ್ಣಿಂದ ಕಾಣುವವರೆಗೆ ಪೂರ್ತಿ ನಂಬಬೇಡಿ.

ಈಗ ನನಗೆ ಮುಖ್ಯವೆನಿಸುವ ಮಾತು. ಖಿನ್ನತೆ ಇರುವವರಿಗೆ "ಎದ್ದು ಒಂದು ವಾಕ್ ಹೋಗಿ ಬಾ, ಎಲ್ಲ ಸರಿಹೋಗುತ್ತೆ" ಎಂದು ಹೇಳುವುದು ಮನೆಮನೆಯ ರೂಢಿ. ಅದು ನೋಯಿಸುತ್ತದೆ, ಕೆಲಸವನ್ನೂ ಮಾಡುವುದಿಲ್ಲ. ತೀವ್ರ ಖಿನ್ನತೆಯಲ್ಲಿ ಹಲವರಿಗೆ ಬೆಳಗಿನ ಹೊತ್ತೇ ಅತಿ ಭಾರ. ಆ ಹೊತ್ತಿಗೆ ಅರ್ಧ ಗಂಟೆ ನಡಿಗೆ ಕೇಳುವುದು ಮುರಿದ ಕಾಲಿಗೆ ಮೆಟ್ಟಿಲು ಹತ್ತಿಸಿದ ಹಾಗೆ. ಹೆಜ್ಜೆಯನ್ನು ಚಿಕ್ಕದು ಮಾಡಿ. ಮೊದಲ ವಾರ ಬಾಗಿಲ ಹೊರಗೆ ಜಗುಲಿಯಲ್ಲೋ ಬಾಲ್ಕನಿಯಲ್ಲೋ ಕಾಫಿ ಲೋಟ ಹಿಡಿದು 5 ನಿಮಿಷ. ಎರಡನೇ ವಾರ ಗೇಟಿನವರೆಗೆ. ಮೂರನೇ ವಾರ ಪಾರ್ಕಿನ ಮೊದಲ ಬೆಂಚು. ಹೊತ್ತನ್ನು ಗಡಿಯಾರ ನಿರ್ಧರಿಸಲಿ, "ಮನಸ್ಸು ಬಂದಾಗ ಹೋಗ್ತೀನಿ" ಎಂದು ಬಿಟ್ಟರೆ ಮನಸ್ಸು ಬರುವುದಿಲ್ಲ. ಕಾಯಿಲೆಯ ಲಕ್ಷಣವೇ ಅದು. ಹೋಗುವ ಮುಂಚೆ, ಬಂದ ಮೇಲೆ 0ಯಿಂದ 10ರೊಳಗೆ ಒಂದು ಅಂಕ ಬರೆದಿಡಿ. ಖಿನ್ನತೆಯಲ್ಲಿ ನೆನಪು ಒಳ್ಳೆಯದನ್ನು ಅಳಿಸಿಹಾಕುತ್ತದೆ; "ಏನೂ ಆಗಲಿಲ್ಲ" ಅನ್ನಿಸಿದ ದಿನ ಆ ಕಾಗದದಲ್ಲಿ 3 ಇದ್ದದ್ದು 4 ಆಗಿರುತ್ತದೆ.

2015ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರೋಗ್ಯವಂತರನ್ನು 90 ನಿಮಿಷ ಹುಲ್ಲುಗಾವಲಿನಲ್ಲೋ ಹೆದ್ದಾರಿ ಬದಿಯಲ್ಲೋ ನಡೆಸಿದಾಗ, ಹುಲ್ಲುಗಾವಲಿಗೆ ಹೋದವರಲ್ಲಿ ಕೊರಗನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ತಗ್ಗಿತ್ತು. ಇದು ಉತ್ತೇಜನದ ಸಂಗತಿ, ಆದರೆ ಚಿಕಿತ್ಸೆಗೆ ಬದಲಿ ಅಲ್ಲ. ಎರಡು ವಾರ ಮೀರಿ ದಿನದ ಬಹುಪಾಲು ಮನಸ್ಸು ಕುಸಿದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರ ಬಳಿ ಹೋಗಬೇಕು. ಸಾಯುವ ಯೋಚನೆ ಇದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ಶುಲ್ಕ ಇಲ್ಲ. ಈ ಸಂಖ್ಯೆಯನ್ನು ಮಾರ್ಗದರ್ಶಿಯ ಮೊದಲ ಪುಟದಲ್ಲೇ ಹಾಕಿ.

ಬಿಸಿಲನಾಡು:
ಬೆಂಗಳೂರಿನ ಲೆಕ್ಕ ಎಲ್ಲಾ ಕಡೆ ನಡೆಯಂಗಿಲ್ರಿ. ಕಲಬುರಗಿ, ರಾಯಚೂರಿನಾಗ ಏಪ್ರಿಲ್-ಮೇ ತಿಂಗಳು 40 ಡಿಗ್ರಿ ದಾಟತೈತಿ. ಮುಂಜಾನೆ 7:30ರೊಳಗ ಮನಿ ಸೇರಬೇಕು. ಸಂಜಿಗೆ ಹೊತ್ತು ಮುಳುಗಿದ ಮ್ಯಾಲೂ ಡಾಂಬರು, ಗ್ವಾಡಿ ಕಾವು ಉಗುಳತಿರ್ತಾವ, ಅದಕ್ಕ ಓಣಿ ಬಿಟ್ಟು ಹೊಲದ ಬದುವಿಗೋ ಕೆರಿ ದಂಡಿಗೋ ಹೋಗೋದು ಚಲೋ. ಹೊಂಡೋ ಮೊದಲು ಒಂದು ದೊಡ್ಡ ಲೋಟ ನೀರು, ಬಂದ ಮ್ಯಾಲೆ ಉಪ್ಪು ಹಾಕಿದ ಮಜ್ಜಿಗಿ. ತಲಿ ತಿರುಗಿದ್ರ, ಬೆವರು ನಿಂತು ಮೈ ಕಾದ್ರ ಅಲ್ಲೇ ನೆರಳಿಗೆ ಕೂಡ್ಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, ದವಾಖಾನಿಗೆ ಒಯ್ಯರಿ. ಬ್ಯಾಸಿಗಿಯಾಗ ಬೇವಿನ ಮರದ ಕೆಳಗ ಕಟ್ಟಿ ಮ್ಯಾಲೆ ಸುಮ್ನ ಕುಂತ್ರೂ ಸಾಕು, ನಡೀಲೇಬೇಕಂತ ಏನಿಲ್ಲ.

ಸಮಚಿತ್ತ:
ಇದಕ್ಕೆ ಸೇರಿಸುವುದು ಒಂದಿದೆ, ಬಹಳ ಕಡೆ ಇದನ್ನು ಹೇಳುವುದೇ ಇಲ್ಲ. ಲಿಥಿಯಂ (ಬೈಪೋಲಾರ್ ಕಾಯಿಲೆಗೆ ಕೊಡುವ ಔಷಧಿ) ತೆಗೆದುಕೊಳ್ಳುವವರಲ್ಲಿ ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯಕ್ಕೆ ಏರಬಹುದು. ಕೈ ನಡುಗುವುದು ಹೆಚ್ಚಾದರೆ, ವಾಂತಿ ಭೇದಿ, ತೊದಲು ಕಂಡರೆ ತಕ್ಷಣ ಆಸ್ಪತ್ರೆಗೆ. ಕೆಲವು ಮನೋವೈದ್ಯಕೀಯ ಔಷಧಿಗಳು, ಅದರಲ್ಲೂ ಟ್ರೈಹೆಕ್ಸಿಫೆನಿಡಿಲ್‌ನಂಥವು, ಬೆವರುವುದನ್ನೇ ತಗ್ಗಿಸುತ್ತವೆ, ಮೈ ತಣಿಯುವುದಿಲ್ಲ. ಔಷಧಿ ನಿಲ್ಲಿಸುವುದಲ್ಲ, ತಂಪು ಹೊತ್ತು ಆರಿಸಿಕೊಳ್ಳುವುದು.

ಘಟ್ಟದಸೆರಗು:
ವಾರಾಂತ್ಯದ ಬೆಟ್ಟವನ್ನು ಎಲ್ಲರೂ ಕೈಬಿಟ್ಟ ಹಾಗಿದೆ. ದಿನದ ಪಾರ್ಕು ಊಟ ಆದರೆ ಕಾಡು ಹಬ್ಬದೂಟ, ಎರಡೂ ಇರಲಿ. ಆದರೆ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, 15 ಕಿಲೋಮೀಟರ್ ಓಡಿ ಏರಿ, ಮರುರಾತ್ರಿ ಮತ್ತೆ ಬಸ್ಸು ಹತ್ತಿ ಸೋಮವಾರ ಆಫೀಸಿಗೆ ಹೋದರೆ ಬೆಟ್ಟ ಕೊಟ್ಟಿದ್ದನ್ನು ನಿದ್ದೆಗೇಡು ಕಿತ್ತುಕೊಳ್ಳುತ್ತದೆ. ಒಂದು ರಾತ್ರಿ ಅಲ್ಲೇ ಮಲಗಿ, ಮರುದಿನ ಮಧ್ಯಾಹ್ನದೊಳಗೆ ಹೊರಡಿ.

ಮಳೆಗಾಲದಲ್ಲಿ ಉಂಬಳ. ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಹಾಕಿ ಪ್ಯಾಂಟಿನ ತುದಿ ಅದರೊಳಗೆ ಸೇರಿಸಿ. ಹತ್ತಿದ್ದನ್ನು ಎಳೆಯಬೇಡಿ, ಸುಡಬೇಡಿ. ಸಪೂರ ತುದಿಯ ಪಕ್ಕದಲ್ಲಿ ಉಗುರು ತೂರಿಸಿ ಸರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಹಿರುಡಿನ್ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಜಿನುಗುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಉಂಬಳದಿಂದ ಭಯ ಇಲ್ಲ, ಉಣುಗಿನಿಂದ ಇದೆ. ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಾಡುಗಳಲ್ಲಿ ಉಣುಗು ಕಚ್ಚಿ ಹರಡುವ ಮಂಗನಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಕೀಟನಿವಾರಕ ತೈಲ, ತರಗೆಲೆಯ ಮೇಲೆ ಕೂರುವುದು ಬೇಡ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಆಮೇಲೆ ಜ್ವರ, ಜೋರು ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಅಂಕಿಅಂಶ:
ಊರಿನೊಳಗೂ ಒಂದು ಎಚ್ಚರ. ಚಳಿಗಾಲದ ಬೆಳಿಗ್ಗೆ ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ ಹೊಗೆ ಮೇಲೇರದೆ ಕೆಳಗೇ ನಿಲ್ಲುತ್ತದೆ. ಪಾರ್ಕಿನ ಬೇಲಿಗೆ ಅಂಟಿಕೊಂಡ ಹೊರಸುತ್ತಿಗಿಂತ, ದೊಡ್ಡ ರಸ್ತೆಯಿಂದ 100-200 ಮೀಟರ್ ಒಳಗಿನ ದಾರಿ ಆರಿಸಿ. ಕಬ್ಬನ್ ಪಾರ್ಕಿನಲ್ಲಿ ಬಿದಿರು ಮೆಳೆಯ ಕಡೆ ಹೋಗುವುದಕ್ಕೂ ರಸ್ತೆ ಬದಿ ನಡೆಯುವುದಕ್ಕೂ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಆಸ್ತಮಾ ಇರುವವರು ಕಾಂಗ್ರೆಸ್ ಗಿಡ ಹಬ್ಬಿದ ಖಾಲಿ ಸೈಟುಗಳ ದಾರಿ ಬಿಡಿ.

ಥೇಮ್ಸ್‌ದಂಡೆ:
ಹೊರದೇಶದ ಕನ್ನಡಿಗರಿಗೂ ಎರಡು ಸಾಲು. ಡಿಸೆಂಬರ್ 21ರಂದು ಬೆಂಗಳೂರಿಗೆ ಸುಮಾರು 11 ಗಂಟೆ 20 ನಿಮಿಷ ಹಗಲು, ಲಂಡನ್‌ಗೆ 8 ಗಂಟೆಯೂ ಪೂರ್ತಿ ಇಲ್ಲ. ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಕತ್ತಲು. ನವೆಂಬರ್‌ನಿಂದ ಸುಸ್ತು, ಹೆಚ್ಚು ನಿದ್ದೆ, ಸಿಹಿ ತಿನ್ನುವ ಆಸೆ ಬಂದು ಮಾರ್ಚ್‌ಗೆ ಹೋಗುವುದು ಪ್ರತಿವರ್ಷ ಮರುಕಳಿಸಿದರೆ ಅದು ಋತುಮಾನದ ಖಿನ್ನತೆ ಇರಬಹುದು, ಮನೆ ನೆನಪು ಮಾತ್ರವಲ್ಲ. ಅಲ್ಲಿ ಬೆಳಗಿನ ನಡಿಗೆಯ ಬದಲು ಊಟದ ಬಿಡುವಿನಲ್ಲಿ, 12ರಿಂದ 1ರೊಳಗೆ, ಮೋಡವಿದ್ದರೂ ಹೊರಗೆ ಅರ್ಧ ಗಂಟೆ. ಸಾಲದಿದ್ದರೆ 10,000 ಲಕ್ಸ್ ದೀಪದ ಮುಂದೆ, ತಯಾರಕರು ಹೇಳಿದ ದೂರದಲ್ಲಿ, ಎದ್ದ ಕೂಡಲೇ 30 ನಿಮಿಷ. ದೂರ ದುಪ್ಪಟ್ಟಾದರೆ ಬೆಳಕು ಬಹಳ ಇಳಿಯುತ್ತದೆ, "ದೀಪ ತಂದೆ, ಉಪಯೋಗ ಇಲ್ಲ" ಅನ್ನುವವರು ಅದನ್ನು ಕೋಣೆಯ ಮೂಲೆಯಲ್ಲಿ ಇಟ್ಟಿರುತ್ತಾರೆ. ಬೈಪೋಲಾರ್ ಅಥವಾ ಕಣ್ಣಿನ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಬೇಡ, ಉನ್ಮಾದ ಕೆರಳಬಹುದು.

ಕಿಟಕಿಪಕ್ಕ:
ಹೊರಗೆ ಹೋಗಲಾಗದವರನ್ನು ಮರೆಯಬೇಡಿ. 1984ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾದ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 23 ಮಂದಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, 23 ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಪ್ರಬಲ ನೋವುನಿವಾರಕ ಕಡಿಮೆ ಬಳಸಿದರು. ಹಾಸಿಗೆ ಹಿಡಿದವರಿಗೆ ಮಾಡುವ ಮೊದಲ ಕೆಲಸ ಮಂಚ ತಿರುಗಿಸುವುದು. ನೀವೇ ಅವರ ದಿಂಬಿನ ಮೇಲೆ ತಲೆಯಿಟ್ಟು ನೋಡಿ. ನಿಂತವರಿಗೆ ಕಾಣುವ ಮರ ಮಲಗಿದವರಿಗೆ ಕಾಣುವುದಿಲ್ಲ, ಬರೀ ಚಾವಣಿ ಕಾಣುತ್ತದೆ. ಗ್ರಿಲ್‌ಗೆ ದಾಸವಾಳದ ಕುಂಡ ಇಟ್ಟರೆ ಸೂರಕ್ಕಿ ಬರುತ್ತದೆ. ಅಗಲ ಮಣ್ಣಿನ ತಟ್ಟೆಯಲ್ಲಿ 3-4 ಸೆಂಟಿಮೀಟರ್ ನೀರು ಇಟ್ಟು ದಿನಾ ಚೆಲ್ಲಿ, ಉಜ್ಜಿ ತುಂಬಿಸಿ, ಇಲ್ಲದಿದ್ದರೆ ವಾರದಲ್ಲಿ ಡೆಂಗಿಯ ಸೊಳ್ಳೆ ಹುಟ್ಟುತ್ತದೆ. ಕಾಳು ಹಾಕಬೇಡಿ: ಪಾರಿವಾಳಗಳು ಸೇರುತ್ತವೆ, ಅವುಗಳ ಹಿಕ್ಕೆ ಮತ್ತು ಗರಿಯ ದೂಳಿನಿಂದ ಶ್ವಾಸಕೋಶದ ಉರಿಯೂತ ಬರುತ್ತದೆ, ವಯಸ್ಸಾದವರಿಗೆ ಅದು ಕಠಿಣ.

ಹೊಂಗೆಚಿಗುರು:
ಎರಡು ಪುಟ ನಾಲ್ಕಾಗಲಿ, ಪರವಾಗಿಲ್ಲ. ಮಕ್ಕಳದ್ದು, ಮಳೆಯದ್ದು ಉಳಿಯಿತು. ಜೂನ್‌ನಿಂದ ಅಕ್ಟೋಬರ್ ಜನ ತಪ್ಪಿಸಿಕೊಳ್ಳುವುದು ಮಳೆಗೆ.

ಬೆಳಕಿನಲೆಕ್ಕ:
ಮಕ್ಕಳಿಗೆ ಹೊತ್ತು ಜಾಸ್ತಿ ಬೇಕು, ದಿನಕ್ಕೆ ಎರಡು ಗಂಟೆ. ತೈವಾನ್ ಶಾಲೆಗಳಲ್ಲಿ 2010ರಿಂದ ದಿನಾ 120 ನಿಮಿಷ ಹೊರಗಿರಿಸುವ ಕಾರ್ಯಕ್ರಮ ತಂದದ್ದು ಸಮೀಪದೃಷ್ಟಿ ತಡೆಯಲು. ಮರದ ನೆರಳೂ ಲೆಕ್ಕಕ್ಕೆ ಬರುತ್ತದೆ, ಸುಡುಬಿಸಿಲಿನಲ್ಲಿ ನಿಲ್ಲಿಸಬೇಕಿಲ್ಲ. ಶಾಲಾ ಬಸ್ಸಿನಿಂದ ಇಳಿದ ಕೂಡಲೇ ಚೀಲವನ್ನು ಕಾವಲುಗಾರರ ಕೋಣೆಯಲ್ಲಿಟ್ಟು ಆಡಲು ಬಿಟ್ಟರೆ ಒಂದು ಗಂಟೆ ಸಲೀಸಾಗಿ ಸಿಗುತ್ತದೆ. ಮನೆಗೆ ಹೋಗಿ ಮತ್ತೆ ಬರುತ್ತೇನೆ ಅಂದವರು ಟಿವಿ ಮುಂದೆ ಕೂರುತ್ತಾರೆ.

ಕುಟ್ರುಹಕ್ಕಿ:
ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆ, ರಾತ್ರಿಯದು. ಬೆಳಿಗ್ಗೆ ಸಾಮಾನ್ಯವಾಗಿ ಬಿಡುವು ಕೊಡುತ್ತದೆ, ಆ ಕಾಲದಲ್ಲಿ ನಡಿಗೆಯನ್ನು ಬೆಳಿಗ್ಗೆಗೇ ಇಡಿ. ಮಂಗಳೂರು, ಶಿವಮೊಗ್ಗದಲ್ಲಿ ಹಾಗಲ್ಲ, ಅಲ್ಲಿ ಛತ್ರಿ ಹಿಡಿದೇ ಹೊರಡಬೇಕು. ಪಾಚಿ ಕಟ್ಟಿದ ಕಲ್ಲುಹಾಸಿಗೆ ಸವೆದ ಚಪ್ಪಲಿ ಬೇಡ, ಅಡಿಯಲ್ಲಿ ಆಳದ ಗೆರೆ ಇರುವ ರಬ್ಬರ್ ಪಾದರಕ್ಷೆ ಬೇಕು. ಗುಡುಗು ಕೇಳಿದ ಕೂಡಲೇ ಮರದಡಿಯಿಂದ ಹೊರಬಂದು ಕಟ್ಟಡದೊಳಗೆ ಸೇರಿ. ಗಾಳಿಮಳೆಯ ಮರುದಿನ ಗುಲ್‌ಮೊಹರ್, ಮಳೆಮರಗಳ ಕೆಳಗಿನ ಬೆಂಚು ಬಿಡಿ, ಮುರಿದು ನೇತಾಡುವ ಕೊಂಬೆ ಮೇಲಿರಬಹುದು. ಕೂರುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ಬೆಂಚು ಒದ್ದೆ ಇರುತ್ತದೆ, ಎರಡಡಿ ಪ್ಲಾಸ್ಟಿಕ್ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡರೆ ಆ ಕೊನೆಯ ಆರು ನಿಮಿಷ ತಪ್ಪುವುದಿಲ್ಲ.